ಅಷ್ಟಾವಂಕನ ವೈಕಲ್ಯವಿಚಾರ

ಜನ್ನಕವಿಯ ಯಶೋಧರಚರಿತೆಯು ಕ್ರಿ. ಶ. ೧೨೦೯ರಲ್ಲಿ, ಹೊಯ್ಸಳ ವೀರಬಲ್ಲಾಳನ ಆಳಿಕೆಯಲ್ಲಿ ರಚಿತವಾದ ಗ್ರಂಥ. ನಾಲ್ಕು ಅವತಾರಗಳ ಈ ಸಣ್ಣ ಕಾವ್ಯದಲ್ಲಿ ಓದಿದವರ ಮನಸ್ಸನ್ನು ಬಿಟ್ಟುಹೋಗದ ಪಾತ್ರಗಳು ಎರಡು: ಒಂದು ರಾಣಿ ಅಮೃತಮತಿ, ಇನ್ನೊಂದು ಗಜಶಾಲೆಯ ಮಾವುತ ಅಷ್ಟಾವಂಕ. ರಾಣಿಯನ್ನು ಕುರಿತು ವಿಮರ್ಶಕರು ಬಹಳವಾಗಿ ಬರೆದಿರುವರು. ಮಾವುತನನ್ನು ಕುರಿತ ಚರ್ಚೆ ಅದರೊಡನೆ ಹೋಲಿಸಿದರೆ ಅಲ್ಪವೇ ಸರಿ. ಅವನ ವಿಷಯದಲ್ಲಿ ಹೇಳತಕ್ಕದ್ದೆಲ್ಲ ಅವನ ಹೆಸರಿನಲ್ಲಿಯೇ ಮುಗಿದಿದೆಯೆಂಬುದು ಸಾಮಾನ್ಯವಾದ ಭಾವನೆ. ‘ವಂಕ’ವೆಂಬುದು ಸಂಸ್ಕೃತದ ‘ವಕ್ರ’ಶಬ್ದದ ಪ್ರಾಕೃತರೂಪ, ಎಂಟು ಕಡೆ ಡೊಂಕಾದವನು ಅಷ್ಟಾವಂಕ. ಮೈ ಡೊಂಕು, ಆದ್ದರಿಂದ ಮನಸ್ಸು ಡೊಂಕು; ಅವನನ್ನು ಒಲಿದಳು, ಆದ್ದರಿಂದ ರಾಣಿಯ ಮನಸ್ಸೂ ಡೊಂಕು. ಪಾಠಹೇಳುವಲ್ಲಿ ಈ ವಿವರಣೆಯು ಬಹು ಸುಲಭವಾಗಿ ಬಾಯಿಗೆ ಬರುವುದು. ಇದರಲ್ಲಿ ಎರಡು ಸಲ ಬಂದಿರುವ ‘ಆದ್ದರಿಂದ’ ಎಂಬ ಪದಕ್ಕೆ ಆಧಾರವೇನೆಂಬುದೇ ಪ್ರಕೃತ ವಿಚಾರ.

ಈ ವಿಚಾರವು ಕೇವಲ ಪಾಂಡಿತ್ಯವಿನೋದಕ್ಕಾಗಿ ಹುಟ್ಟಿದುದಲ್ಲ. ಅಂಗವಿಕಲರ ಹಕ್ಕುಗಳನ್ನು ಕುರಿತ ೨೦೧೬ರ ಅಧಿನಿಯಮವು, ಸರ್ಕಾರದ ಹಾಗೂ ಸರ್ಕಾರದ ನೆರವು ಪಡೆಯುವ ಉಚ್ಚ ಶಿಕ್ಷಣಸಂಸ್ಥೆಗಳಲ್ಲಿ ನೂರಕ್ಕೆ ೫ಕ್ಕೆ ಕಡಮೆಯಾಗದಷ್ಟು ಸ್ಥಾನಗಳನ್ನು, ಶೇಕಡಾ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳವರಿಗೆ ಕಾದಿರಿಸಬೇಕೆಂದು ವಿಧಿಸಿದೆ. ಊರುಗೋಲನ್ನು ಗೋಡೆಗೊರಗಿಸಿ ಮುಂದಿನ ಸಾಲಿನಲ್ಲಿ ಕುಳಿತ ವಿದ್ಯಾರ್ಥಿಯ ಎದುರಿನಲ್ಲಿಯೇ ಅಷ್ಟಾವಂಕನ ವರ್ಣನೆಗೆ ಅರ್ಥ ಹೇಳಬೇಕಾದ ಪ್ರಸಂಗವು ಇಂದು ಉಪಾಧ್ಯಾಯರಿಗೆ ಬರುವುದು ಸಹಜ. ಆಗ ಹೇಳುವ ಅರ್ಥವು ಕಾವ್ಯದ ಅರ್ಥವೋ, ಹೇಳುವವನ ಅರ್ಥವೋ ಎಂಬುದು ನಿಶ್ಚಯವಾಗಿರಬೇಕು.

ಮೊದಲು, ಅಷ್ಟಾವಂಕನನ್ನು ಕಾವ್ಯದಲ್ಲಿ ಕಂಡವರು ಯಾರು? ಅಮೃತಮತಿಯು ಅವನನ್ನು ಕಾಣುವುದಕ್ಕೆ ಮೊದಲು ಕೇಳುತ್ತಾಳೆ. ರಾತ್ರಿಯಲ್ಲಿ ಗಜಶಾಲೆಯ ಕಡೆಯಿಂದ ಬಂದ ಹಾಡಿಗೆ ಅವಳ ಮನಸ್ಸು ಸೋಲುತ್ತದೆ. ಹಾಡಿದವನಾರೆಂದು ತಿಳಿದುಬರಲು ಗೆಳತಿಯನ್ನು ಕಳುಹಿಸುತ್ತಾಳೆ. ಗೆಳತಿ ಕಂಡು, ಹೇಸಿ, ಹಿಂದಿರುಗಿ ಬಂದು ಅವನ ಅವಯವಗಳ ವಿಕಾರವನ್ನು ವರ್ಣಿಸುತ್ತಾಳೆ. ಆದಕಾರಣ ಈ ವರ್ಣನೆಯು ನೋಡಿ ಬೆಚ್ಚಿದವಳ ವರದಿ. ಇನ್ನೂ ಒಂದು ಸಂಗತಿ ಉಂಟು. ಈ ಇಡೀ ಉಪಾಖ್ಯಾನವು ಮಾರಿದತ್ತರಾಜನ ಮುಂದೆ ಅಭಯರುಚಿಯ ಬಾಯಿಂದ ಹೊರಡುವ ಕಥೆ; ಅಭಯರುಚಿಯಾದರೋ ಪೂರ್ವಭವದಲ್ಲಿ ಯಶೋಧರನೇ ಆಗಿದ್ದವನು. ಹೆಂಡತಿಯಿಂದ ವಂಚಿತನಾಗಿ, ಅವಳ ಕೈಯಿಂದಲೇ ವಿಷವುಂಡು ಸತ್ತವನು ತನ್ನ ಪ್ರತಿಸ್ಪರ್ಧಿಯ ರೂಪವನ್ನು ಹೇಳುತ್ತಿದ್ದಾನೆ! ಅಷ್ಟಾವಂಕನ ಮೈಯನ್ನು ಓದುಗನಿಗೆ ತೋರಿಸುವ ಕಣ್ಣುಗಳು ಒಂದು ಜೊತೆಯಲ್ಲ, ಎರಡು ಜೊತೆ; ಎರಡೂ ಅವನಿಗೆ ಅನುಕೂಲವಾದವುಗಳಲ್ಲ. ಹೀಗಿರುವಲ್ಲಿ ಆ ವರ್ಣನೆಯನ್ನು ಕವಿಯ ನಿರ್ಣಯವೆಂದು ತೆಗೆದುಕೊಳ್ಳುವುದು ವಕ್ತೃವಿಶೇಷವನ್ನು ಗಮನಿಸದ ದೋಷವಾಗುತ್ತದೆ. ವಕ್ತೃಬೋದ್ಧವ್ಯಾದಿಗಳ ವೈಶಿಷ್ಟ್ಯದಿಂದ ಅರ್ಥ ಬೇರೆಯಾಗುವುದೆಂದು ಮಮ್ಮಟನೇ ಮೊದಲಾದ ಆಲಂಕಾರಿಕರು ಬಾಯಿಪಾಠ ಮಾಡಿಸಿರುವಾಗ, ಇಲ್ಲಿ ಮಾತ್ರ ಅದನ್ನು ಮರೆಯಲು ಕಾರಣವಿಲ್ಲ.

ಗೆಳತಿಯ ಮಾತಿಗೆ ರಾಣಿಯ ಉತ್ತರವು ಕನ್ನಡದಲ್ಲಿ ಪ್ರಸಿದ್ಧವಾಗಿದೆ. ಅದರ ತಾತ್ಪರ್ಯ ಇಷ್ಟು: ಒಲವು ಹುಟ್ಟಿದ ಮೇಲೆ ರೂಪದ ಗೊಡವೆಯಿಲ್ಲ, ಕಾರ್ಯವಾದ ಬಳಿಕ ಕಾರಣವನ್ನು ಕೆದಕಿ ಫಲವಿಲ್ಲ. ಇದನ್ನು ಕಾಮಾಂಧೆಯ ಕುತರ್ಕವೆಂದು ತಳ್ಳಿಬಿಡುವುದು ವಾಡಿಕೆ. ರಾಣಿಯು ಪತಿಗೆ ದ್ರೋಹಮಾಡಿದಳೆಂಬುದು ನಿಜ. ಆದರೆ ದ್ರೋಹಿಯ ಮಾತೆಲ್ಲವೂ ಸುಳ್ಳಾಗಬೇಕೆಂಬ ನಿಯಮವಿಲ್ಲ. ರೂಪ ಬೇರೆ, ಒಲವಿಗೆ ವಿಷಯವಾದ ಗುಣ ಬೇರೆ ಎಂಬ ವಿವೇಕವು ಆ ಉತ್ತರದಲ್ಲಿದೆ. ಗೆಳತಿಯು ಹಾಡನ್ನು ಕೇಳಿಯೂ ಮೈಯನ್ನೇ ಕಂಡಳು. ರಾಣಿಯು ಮೈಯ ವರದಿಯನ್ನು ಕೇಳಿಯೂ ಹಾಡನ್ನು ಮರೆಯಲಿಲ್ಲ.

ಗೆಳತಿಯ ಈ ನೋಟಕ್ಕೆ ಶಾಸ್ತ್ರದ ಬೆಂಬಲವಿದೆಯೆಂಬುದನ್ನು ಮುಚ್ಚಬೇಕಾಗಿಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯರಸದ ವಿಭಾವಗಳನ್ನು ಎಣಿಸುವಾಗ ವಿಕೃತವೇಷ, ಅಸಂಬದ್ಧಪ್ರಲಾಪ ಮುಂತಾದವುಗಳ ಸಾಲಿನಲ್ಲಿ ವ್ಯಂಗದರ್ಶನವನ್ನೂ, ಎಂದರೆ ಊನಗೊಂಡ ಅಂಗದ ನೋಟವನ್ನೂ ಸೇರಿಸಿರುವನು. ಕುಬ್ಜರೂ ವಾಮನರೂ ಅಂತಃಪುರದ ಪರಿವಾರವಾಗಿ ಸಂಸ್ಕೃತನಾಟಕಗಳಲ್ಲಿ ಬರುವುದು ಈ ಪರಂಪರೆಯಲ್ಲಿಯೇ. ಇದು ಲೋಕದಲ್ಲಿ ಜನರು ನಗುತ್ತಿದ್ದರೆಂಬ ಸಂಗತಿಯ ನಿರೂಪಣೆಯೇ ಹೊರತು ನಗಬೇಕೆಂಬ ವಿಧಿಯಲ್ಲವೆಂದು ಸಮಾಧಾನ ಹೇಳಬಹುದು. ಆದರೆ ನಾಟ್ಯಪ್ರಯೋಗದ ಗ್ರಂಥದಲ್ಲಿ ನಿರೂಪಣೆಗೂ ವಿಧಿಗೂ ಇರುವ ಅಂತರ ಬಹಳ ತೆಳುವು. ಅದೇನೇ ಇರಲಿ, ಶಾಸ್ತ್ರವು ಹೇಳದೆ ಬಿಟ್ಟಿರುವುದೂ ಅಷ್ಟೇ ಮುಖ್ಯ. ಶೃಂಗಾರವು ಯಾವಾಗ ರಸಾಭಾಸವಾಗುತ್ತದೆಯೆಂಬುದಕ್ಕೆ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಕೊಡುವ ಪಟ್ಟಿಯಲ್ಲಿ ಉಪನಾಯಕನಲ್ಲಿ ರತಿ, ಮುನಿಗುರುಪತ್ನಿಯರಲ್ಲಿ ರತಿ, ಬಹುನಾಯಕವಿಷಯವಾದ ರತಿ, ಅಧಮಪಾತ್ರಗತವಾದ ರತಿ, ತಿರ್ಯಗ್ಗತವಾದ ರತಿ ಎಂಬಿವೇ ಮೊದಲಾದುವು ಇವೆ. ವಿಕಲಾಂಗನಲ್ಲಿ ರತಿಯೆಂಬುದು ಇಲ್ಲ. ಅಮೃತಮತಿಯ ಶೃಂಗಾರವು ಆಭಾಸವಾಗುವುದು ಅವನು ಉಪಪತಿಯಾದುದರಿಂದ, ಶಾಸ್ತ್ರಕಾರರ ಕಾಲದ ದೃಷ್ಟಿಯಲ್ಲಿ ಅವನು ಕೀಳು ನೆಲೆಯವನಾದುದರಿಂದ. ಅವನ ಮೈಯ ಡೊಂಕನ್ನು ಈ ದೋಷಕ್ಕೆ ಹೇತುವಾಗಿ ಸೇರಿಸಿದವರು ಶಾಸ್ತ್ರಕಾರರಲ್ಲ, ಓದುಗರು.

ಇನ್ನು ಮನಶ್ಶಾಸ್ತ್ರದ ಮಾತು. ಈ ಶಾಸ್ತ್ರವೂ ಮೊದಮೊದಲು ಇದೇ ಎಡವಿನಲ್ಲಿ ಎಡವಿತೆಂಬುದು ಗಮನಾರ್ಹ. ವಿಯೆನ್ನಾ ನಗರದ ವೈದ್ಯನಾದ ಆಲ್ಫ್ರೆಡ್ ಆಡ್ಲರನು ೧೯೦೭ರಲ್ಲಿ ಅವಯವಗಳ ನ್ಯೂನತೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಊನವಾದ ಅವಯವವುಳ್ಳವನು ಆ ಊನವನ್ನು ತುಂಬಿಕೊಳ್ಳಲು ಮತ್ತೊಂದು ಕಡೆ ಅತಿಯಾಗಿ ಶ್ರಮಿಸುತ್ತಾನೆಂಬುದು ಅದರಿಂದ ಬೆಳೆದ ವಾದ. ಇದರಂತೆ ಅಷ್ಟಾವಂಕನ ಗಾನವು ಅವನ ಕುರೂಪಕ್ಕೆ ಪರಿಹಾರ, ಅವನ ಕ್ರೌರ್ಯವು ಅವನ ಕೀಳರಿಮೆಯ ಇನ್ನೊಂದು ಮುಖ ಎಂದು ಹೇಳಿಬಿಡಬಹುದು, ಕೇಳುವವರು ತಲೆದೂಗಲೂಬಹುದು. ಆದರೆ ಸುಂದರನಾದ ಗಾಯಕನ ಗಾನಕ್ಕೆ ಕಾರಣವೇನೆಂದು ಯಾರೂ ಕೇಳುವುದಿಲ್ಲ. ವಿದ್ಯೆಯು ವಿಕಲಾಂಗನಲ್ಲಿದ್ದರೆ ಮಾತ್ರ ಅದಕ್ಕೆ ರೋಗದ ಮೂಲವನ್ನು ಹುಡುಕಬೇಕಾಗಿ ಬರುವುದೇಕೆ? ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರಾಗಿ ಹಾಡಿದರು. ಕಣ್ಣಿಲ್ಲದುದರಿಂದ ಹಾಡಿದರೆಂದರೆ ಅವರ ಗುರುಪರಂಪರೆಗೂ ವರ್ಷಗಟ್ಟಲೆಯ ಸಾಧನೆಗೂ ಅಪಚಾರವಾಗುತ್ತದೆ.

ಈ ಎಡವನ್ನು ತಿದ್ದಿದವರು ಪ್ರಯುಕ್ತ ಮನಶ್ಶಾಸ್ತ್ರದವರೇ, ಎಂದರೆ ಆಸ್ಪತ್ರೆ, ಶಾಲೆ, ಪುನರ್ವಸತಿಗಳಲ್ಲಿ ಆ ಶಾಸ್ತ್ರವನ್ನು ಬಳಸಿ ನೋಡಿದವರು. ಅಮೆರಿಕದ ರಾಜರ್ ಬಾರ್ಕರನೂ ಅವನ ಸಹೋದ್ಯೋಗಿಗಳೂ ೧೯೪೬ರಲ್ಲಿ ಪ್ರಕಟಿಸಿ ೧೯೫೩ರಲ್ಲಿ ಪರಿಷ್ಕರಿಸಿದ ಗ್ರಂಥದಲ್ಲಿ, ಆವರೆಗೆ ನಡೆದ ಪರಿಶೀಲನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ, ಇಂಥ ವೈಕಲ್ಯಕ್ಕೆ ಇಂಥ ಸ್ವಭಾವವೆಂಬ ನಿಯತಸಂಬಂಧವು ಕಾಣಬರುವುದಿಲ್ಲವೆಂದು ತೋರಿಸಿದರು. ಅವರಲ್ಲೊಬ್ಬಳಾದ ಬಿಯಾಟ್ರಿಸ್ ರೈಟ್ ಎಂಬ ವಿದುಷಿಯು, ತಮಾರಾ ದೆಂಬೋ ಮೊದಲಾದವರೊಡನೆ, ದ್ವಿತೀಯ ಮಹಾಯುದ್ಧದಲ್ಲಿ ಅಂಗಹೀನರಾದ ಸೈನಿಕರೇ ಮುಂತಾದವರನ್ನು ಮಾತನಾಡಿಸಿ ೧೯೫೬ರಲ್ಲಿ ಒಂದು ಪ್ರಬಂಧವನ್ನೂ, ತಾನೊಬ್ಬಳೇ ೧೯೬೦ರಲ್ಲಿ ಒಂದು ಗ್ರಂಥವನ್ನೂ ಹೊರತಂದಳು. ಆ ಗ್ರಂಥದ ಹೆಸರಿನಲ್ಲಿ ಮೊದಲು ‘ಮಾನಸಿಕ’ವೆಂದಿದ್ದುದು ೧೯೮೩ರ ಪರಿಷ್ಕರಣದಲ್ಲಿ ‘ಮಾನಸಿಕ-ಸಾಮಾಜಿಕ’ವೆಂದಾಯಿತು. ಇಪ್ಪತ್ತಮೂರು ವರ್ಷಗಳಲ್ಲಿ ಆ ಶಾಸ್ತ್ರವು ನಡೆದ ದಾರಿಯನ್ನು ಈ ಒಂದು ಪದದ ಬದಲಾವಣೆಯೇ ಹೇಳುತ್ತದೆ: ತೊಡಕು ಊನವುಳ್ಳವನ ಮನಸ್ಸಿನೊಳಗೆ ಮಾತ್ರವಲ್ಲ, ಅವನನ್ನು ನೋಡುವವರ ನಡುವೆಯೂ ಇದೆ.

ಈ ವಿದ್ವಾಂಸರು ಹೇಳಿದ ತತ್ತ್ವಗಳಲ್ಲಿ ಪ್ರಕೃತಕ್ಕೆ ಬೇಕಾದುದು ಒಂದು. ಅದನ್ನು ಕನ್ನಡದಲ್ಲಿ ‘ಹಬ್ಬುಗೆ’ಯೆಂದು ಕರೆಯಬಹುದು. ಒಂದು ಊನವನ್ನು ಕಂಡವನು ಆ ಊನವನ್ನು ಅಲ್ಲಿಗೇ ನಿಲ್ಲಿಸದೆ ಮನುಷ್ಯನ ಮೇಲೆಲ್ಲ ಹಬ್ಬಿಸುತ್ತಾನೆ. ಕಣ್ಣಿಲ್ಲದವನೊಡನೆ ಗಟ್ಟಿಯಾಗಿ ಕೂಗಿ ಮಾತನಾಡುವುದು, ಕುಂಟನಿಗೆ ಏನು ಬೇಕೆಂಬುದನ್ನು ಅವನನ್ನು ಕೇಳದೆ ಪಕ್ಕದಲ್ಲಿರುವವನನ್ನು ಕೇಳುವುದು, ಇವೆಲ್ಲ ಹಬ್ಬುಗೆಯ ಕೆಲಸ. ನೈಯಾಯಿಕರ ಮಾತಿನಲ್ಲಿ ಹೇಳಬೇಕಾದರೆ ಇದು ವ್ಯಾಪ್ತಿಯಿಲ್ಲದ ಅನುಮಾನ. ‘ಇವನು ದುಷ್ಟನು, ವಕ್ರಾಂಗನಾದುದರಿಂದ’ ಎಂಬಲ್ಲಿ ಹೇತುವು ಸವ್ಯಭಿಚಾರ. ಏಕೆಂದರೆ ವಕ್ರಾಂಗನಾಗಿಯೂ ದುಷ್ಟನಲ್ಲದವನು ಪ್ರಸಿದ್ಧನಾಗಿದ್ದಾನೆ. ಅವನು ಹೆಸರಿನಲ್ಲಿಯೂ ಅಷ್ಟಾವಂಕನ ಜೋಡಿಯಾದ ಅಷ್ಟಾವಕ್ರಮುನಿ.

ಅಷ್ಟಾವಕ್ರನ ಕಥೆಯಲ್ಲಿಯೂ ಹಬ್ಬುಗೆಯ ಒಂದು ನಿದರ್ಶನ ಸಿಕ್ಕುತ್ತದೆ. ಜನಕನ ಸಭೆಯವರು ಅವನ ಮೈಯನ್ನು ನೋಡಿ ನಕ್ಕರೆಂದೂ ಅವನು ಅವರನ್ನು ಚರ್ಮವನ್ನಷ್ಟೇ ಬಲ್ಲವರೆಂದು ಮೂದಲಿಸಿದನೆಂದೂ ಜನರು ಹೇಳುವರು. ಮಹಾಭಾರತದ ವನಪರ್ವದಲ್ಲಿ ಈ ಪ್ರಸಂಗವಿಲ್ಲ. ಅಲ್ಲಿ ದ್ವಾರಪಾಲಕನು ತಡೆಯುವುದು ಅವನು ಬಾಲಕನೆಂದು. ವಾದ ನಡೆಯುವುದು ನರೆತ ತಲೆ ದೊಡ್ಡದೋ ಜ್ಞಾನ ದೊಡ್ಡದೋ ಎಂಬುದನ್ನು ಕುರಿತು. ಮೈಯ ವಕ್ರತೆಯ ಮಾತು ಬರುವುದು ಕಥೆಯ ಆದಿಯಲ್ಲಿ ತಂದೆಯ ಶಾಪವಾಗಿ ಮತ್ತು ಕೊನೆಯಲ್ಲಿ ಸಮಂಗಾನದಿಯ ಸ್ನಾನದಿಂದ ಅಂಗಗಳು ನೇರವಾದಾಗ. ಅಷ್ಟಾವಕ್ರನಿಗೆ ಸಭೆಯಲ್ಲಿ ಆಗದ ಅವಮಾನವನ್ನು ಲೋಕವು ತಾನಾಗಿ ಕಲ್ಪಿಸಿ ಸೇರಿಸಿತು; ವಿಕಲಾಂಗನು ಸಭೆಗೆ ಬಂದರೆ ನಗು ಹುಟ್ಟಲೇಬೇಕೆಂದು ಅದು ನಂಬಿತ್ತು.

ಇಲ್ಲಿ ಒಂದು ಶಂಕೆ. ಜನ್ನನು ಜೈನಕವಿ, ಯಶೋಧರಚರಿತೆಯು ಕರ್ಮಫಲವನ್ನು ಸಾರುವ ಕಥೆ. ಕ್ರಿ. ಶ. ೯೫೯ರಲ್ಲಿ ಸೋಮದೇವಸೂರಿಯು ಸಂಸ್ಕೃತದಲ್ಲಿ ಬರೆದ ಯಶಸ್ತಿಲಕದಲ್ಲಿಯೂ, ಬಳಿಕ ವಾದಿರಾಜನ ಕಾವ್ಯದಲ್ಲಿಯೂ ಕಥೆಯ ಉದ್ದೇಶ ಅದೇ. ಕರ್ಮವಾದಿಯಾದ ಕವಿಗೆ ದೇಹವು ಪಾಪದ ಗುರುತಲ್ಲದೆ ಬೇರೇನಾದೀತು? ಪೂರ್ವಪಕ್ಷಗಳಲ್ಲಿ ಪ್ರಬಲವಾದುದು ಇದೊಂದೇ. ಆದಕಾರಣ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ಜೈನಸಿದ್ಧಾಂತದಲ್ಲಿ ಮೂಲಕರ್ಮಪ್ರಕೃತಿಗಳು ಎಂಟು. ಅವುಗಳಲ್ಲಿ ಶರೀರದ ಆಕಾರವನ್ನು ನಿರ್ಮಿಸುವುದು ನಾಮಕರ್ಮ. ಸಮಚತುರಸ್ರ, ನ್ಯಗ್ರೋಧಪರಿಮಂಡಲ, ಸ್ವಾತಿ, ಕುಬ್ಜ, ವಾಮನ, ಹುಂಡ ಎಂದು ಶರೀರಸಂಸ್ಥಾನಗಳು ಆರು. ಸರ್ವಾವಯವಗಳೂ ವಿಷಮವಾಗಿರುವುದು ಹುಂಡಸಂಸ್ಥಾನ. ಅಷ್ಟಾವಂಕನ ಮೈಯನ್ನು ಇದರಲ್ಲಿ ಸೇರಿಸಬಹುದು. ಆದರೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳನ್ನೂ ಕಾಮವನ್ನೂ ಹುಟ್ಟಿಸುವುದು ನಾಮಕರ್ಮವಲ್ಲ, ಮೋಹನೀಯಕರ್ಮ. ಇವೆರಡೂ ಬೇರೆ ಬೇರೆ ಮಾತ್ರವಲ್ಲ, ಬೇರೆ ಬೇರೆ ಜಾತಿಗೆ ಸೇರಿದವು. ಮೋಹನೀಯವು ಘಾತಿಕರ್ಮ, ಆತ್ಮನ ಗುಣಗಳನ್ನು ಕೆಡಿಸತಕ್ಕದ್ದು. ನಾಮವು ಅಘಾತಿಕರ್ಮ, ಅದಕ್ಕೆ ಆತ್ಮಗುಣವನ್ನು ಮುಟ್ಟುವ ಶಕ್ತಿಯಿಲ್ಲ. ಹೀಗೆ ಕವಿಯ ಸ್ವಮತದಂತೆಯೇ ಮೈಯ ಡೊಂಕು ಮನಸ್ಸಿನ ಡೊಂಕಿಗೆ ಕಾರಣವಾಗಲಾರದು. ಕುಬ್ಜಸಂಸ್ಥಾನವುಳ್ಳವನಲ್ಲಿ ಕಷಾಯವು ಮಂದವಾಗಿರಬಹುದು. ಸಮಚತುರಸ್ರಸಂಸ್ಥಾನದ ಸುಂದರನಲ್ಲಿ ಅದು ತೀವ್ರವಾಗಿರಬಹುದು. ಎರಡನೆಯದಕ್ಕೆ ದೂರ ಹೋಗಬೇಕಾಗಿಲ್ಲ. ಸುಂದರಿಯಾದ ಅಮೃತಮತಿಯೇ ಗಂಡನಿಗೂ ಅತ್ತೆಗೂ ವಿಷವಿಕ್ಕಿದವಳು.

ಆದರೂ ಜೈನಶಾಸ್ತ್ರವು ವಿಕಲಾಂಗನನ್ನು ಪೂರ್ತಿಯಾಗಿ ಬಿಡಿಸಿತೆಂದು ಹೇಳುವುದು ಪಕ್ಷಪಾತವಾದೀತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಮನೋವಾಕ್ಕಾಯಗಳ ವ್ಯಾಪಾರದ ವಕ್ರತೆಯನ್ನೂ ವಿಸಂವಾದವನ್ನೂ ಅಶುಭನಾಮಕರ್ಮಕ್ಕೆ ಕಾರಣವೆಂದು ಹೇಳುತ್ತದೆ. ಎಂದರೆ ಹಿಂದಿನ ಭವದ ನಡತೆಯ ಡೊಂಕು ಈ ಭವದ ಮೈಯ ಡೊಂಕಾಗಬಹುದು. ಬಾಣವು ನಡತೆಯಿಂದ ಮೈಗೆ ಹಾರುತ್ತದೆಯೇ ಹೊರತು ಮೈಯಿಂದ ನಡತೆಗೆ ಹಿಂದಿರುಗುವುದಿಲ್ಲ. ‘ಆದ್ದರಿಂದ’ವು ಇಲ್ಲಿಯೂ ನಿಲ್ಲದು. ಆದರೆ ಊನಗೊಂಡವನು ಅದಕ್ಕೆ ತಕ್ಕುದನ್ನು ಎಂದೋ ಮಾಡಿದ್ದನೆಂಬ ಭಾರ ಮಾತ್ರ ಅವನ ತಲೆಯ ಮೇಲೆ ಉಳಿಯುತ್ತದೆ. ಈ ಭಾರವು ಕರ್ಮವಾದಿಗಳ ದೇಶದಲ್ಲಿ ಮಾತ್ರ ಹೊರಿಸಲ್ಪಡುವುದೆಂದೂ ತಿಳಿಯಬಾರದು. ಮೆಲ್ವಿನ್ ಲರ್ನರ್ ಎಂಬ ಮನಶ್ಶಾಸ್ತ್ರಜ್ಞನು ೧೯೬೬ರಿಂದ ನಡೆಸಿದ ಪ್ರಯೋಗಗಳಲ್ಲಿ ಕರ್ಮಸಿದ್ಧಾಂತವನ್ನು ಕೇಳರಿಯದ ಜನರೂ, ನರಳುವವನ ನರಳಿಕೆಯನ್ನು ತಪ್ಪಿಸಲಾರದೆ ನೋಡುತ್ತಿರಬೇಕಾದಾಗ, ಅವನನ್ನೇ ಹೀನಾಯವಾಗಿ ಎಣಿಸತೊಡಗಿದರು. ಲೋಕವು ನ್ಯಾಯವಾಗಿದೆಯೆಂಬ ನೆಮ್ಮದಿಯನ್ನು ಉಳಿಸಿಕೊಳ್ಳಲು ಮನುಷ್ಯನು ಇದಕ್ಕೂ ಸಿದ್ಧನಾಗುತ್ತಾನೆ.

ಇಷ್ಟಾದ ಮೇಲೂ ಅಷ್ಟಾವಂಕನ ಕ್ರೌರ್ಯವೆಂಬುದು ಕಾವ್ಯದಲ್ಲಿ ಉಳಿದೇ ಇದೆ. ಒಂದು ರಾತ್ರಿ ತಡವಾಗಿ ಬಂದಳೆಂದು ಅವನು ರಾಣಿಯನ್ನು ನಿರ್ದಯವಾಗಿ ಹೊಡೆಯುತ್ತಾನೆ. ಅವಳು ಅಂಗಲಾಚಿ ಬೇಡುತ್ತಾಳೆ. ಕನಿಕರದ ಹೆಸರಿನಲ್ಲಿ ಇದನ್ನು ತೊಳೆಯಹೊರಡುವ ವಿಮರ್ಶೆಯೂ ಹಬ್ಬುಗೆಯೇ. ಮೊದಲನೆಯದು ಊನದಿಂದ ಪಾಪವನ್ನು ಹಬ್ಬಿಸಿದರೆ ಇದು ಊನದಿಂದ ಪುಣ್ಯವನ್ನು ಹಬ್ಬಿಸುತ್ತದೆ. ವಿಕಲಾಂಗನಿಗೆ ದುಷ್ಟನಾಗುವ ಸ್ವಾತಂತ್ರ್ಯವೂ ಇರಬೇಕು. ಅವನು ಹೊಡೆದುದು ಪ್ರಣಯದ ಅಸೂಯೆಯಿಂದ. ಈ ರೋಗವು ನೆಟ್ಟನೆಯ ಮೈಯವರಲ್ಲಿಯೂ ಕಡಮೆಯಾಗಿಲ್ಲ. ಕಥೆಯಲ್ಲಿ ಇದಕ್ಕೆಲ್ಲ ಕೊಡುವ ಕಾರಣವಾದರೋ ಮನಸಿಜನ ಮಾಯೆ ಮತ್ತು ಅದಕ್ಕೆ ನೆರವಾದ ವಿಧಿವಿಲಾಸ. ಇದನ್ನು ಕವಿಯ ಮಾತೆನ್ನಿ, ಅಭಯರುಚಿಯ ಮಾತೆನ್ನಿ. ನೊಂದವನ ಬಾಯಿಂದಲೂ ಮೈಯ ಡೊಂಕೇ ಅನರ್ಥಕ್ಕೆ ಮೂಲವೆಂಬ ಆರೋಪ ಹೊರಟಿಲ್ಲ.

ಆ ರಾತ್ರಿಯ ದೃಶ್ಯದಲ್ಲಿ ದುರ್ಬಲರಾರು ಎಂಬುದನ್ನು ಯೋಚಿಸಬೇಕು. ಪೆಟ್ಟು ತಿನ್ನುವ ರಾಣಿ ದುರ್ಬಲೆ. ಹೊಡೆಯುವ ಮಾವುತನಾದರೋ ಮರೆಯಲ್ಲಿ ಎತ್ತಿ ನಿಂತ ಅರಸನ ಕತ್ತಿಗೆ ಒಂದು ಕ್ಷಣದಷ್ಟು ದೂರದಲ್ಲಿದ್ದಾನೆ. ಕತ್ತಿಯಿದ್ದ ಅರಸನು ಅದನ್ನು ಬಳಸಲಾರದೆ ಹಿಂದಿರುಗಿ, ತಾಯಿಯ ಮಾತಿಗೆ ಕಟ್ಟುಬಿದ್ದು, ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು ಕೆಡುತ್ತಾನೆ. ಇಂಗ್ಲಿಷಿನಲ್ಲಿ ‘ವಲ್ನರಬಿಲಿಟಿ’ ಎನ್ನುವ ಭಾವಕ್ಕೆ ಲ್ಯಾಟಿನಿನ ಗಾಯವಾಚಕ ಶಬ್ದವೇ ಮೂಲ. ಕನ್ನಡದಲ್ಲಿ ಅದನ್ನು ‘ಭೇದ್ಯತೆ’ಯೆಂದು ಹೇಳಬಹುದು. ‘ದುರ್ಬಲವರ್ಗ’ವೆಂದು ಕೆಲವರನ್ನು ಬೇರೆಯಾಗಿ ಎಣಿಸುವ ಆಡಳಿತದ ರೂಢಿಗೆ ಎದುರಾಗಿ, ಭೇದ್ಯತೆಯು ಮನುಷ್ಯರೆಲ್ಲರಿಗೂ ಸಾಮಾನ್ಯವಾದ ಸ್ಥಿತಿಯೆಂದು ಮಾರ್ಥಾ ಫೈನ್‌ಮನ್ ಎಂಬ ನ್ಯಾಯಶಾಸ್ತ್ರಜ್ಞೆಯು ೨೦೦೮ರಲ್ಲಿ ವಾದಿಸಿದಳು. ಸಾಂಖ್ಯರನ್ನು ಓದಿದವರಿಗೆ ಇದು ಅಪೂರ್ವವಾಗಿ ತೋರದು. ಈಶ್ವರಕೃಷ್ಣನು ಅಶಕ್ತಿಗಳನ್ನು ಇಪ್ಪತ್ತೆಂಟೆಂದು ಎಣಿಸಿದನು. ಅವುಗಳಲ್ಲಿ ಹನ್ನೊಂದು ಮಾತ್ರ ಇಂದ್ರಿಯಗಳವು. ವಾಚಸ್ಪತಿಮಿಶ್ರನು ಅವುಗಳನ್ನು ಕಿವುಡು, ಕುರುಡು, ಮೂಕತನ, ಕುಂಟು, ಮನಸ್ಸಿನ ಮಾಂದ್ಯ ಮೊದಲಾಗಿ ಹೆಸರಿಸುತ್ತಾನೆ. ಉಳಿದ ಹದಿನೇಳು ಬುದ್ಧಿಯವು, ತುಷ್ಟಿಸಿದ್ಧಿಗಳ ವಿಪರ್ಯಯಗಳು. ಸುಹೃತ್ಪ್ರಾಪ್ತಿಯು ಸಿದ್ಧಿಗಳಲ್ಲೊಂದಾದುದರಿಂದ ಮಿತ್ರನು ದೊರಕದಿರುವುದೂ ಒಂದು ಅಶಕ್ತಿಯೇ! ಕುರುಡನೂ ಗೆಳೆಯರಿಲ್ಲದವನೂ ಒಂದೇ ಪಟ್ಟಿಯಲ್ಲಿ ಕುಳಿತಿರುವರು. ಈ ಪಟ್ಟಿಯಿಂದ ಹೊರಗುಳಿಯುವ ಸಂಸಾರಿಯನ್ನು ಹುಡುಕುವುದು ಕಷ್ಟ.

ಧರ್ಮಶಾಸ್ತ್ರವು ಮಾತ್ರ ಬೇರೆ ದಾರಿ ಹಿಡಿಯಿತು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಜಾತ್ಯಂಧ, ಬಧಿರ, ಮೂಕ, ಜಡ, ಉನ್ಮತ್ತ ಮೊದಲಾದವರಿಗೆ ದಾಯಭಾಗವಿಲ್ಲವೆಂದು ಹೇಳಿ, ಅನ್ನವಸ್ತ್ರಗಳನ್ನು ತಪ್ಪಿಸಕೂಡದೆಂದು ಕೂಡಲೆ ವಿಧಿಸುತ್ತದೆ. ಕಣ್ಣಿನ ಊನವು ಹೊಲಮನೆಗಳ ಹಕ್ಕಿನವರೆಗೆ ಹಬ್ಬಿದ ಬಗೆ ಇದು. ಈ ಹಬ್ಬುಗೆಯನ್ನು ೧೯೨೮ರ ಶಾಸನವು ಬಹುಮಟ್ಟಿಗೆ ಕಡಿಯಿತು; ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ೨೮ನೆಯ ಪ್ರಕರಣವು ಬೇರುಸಹಿತ ಕಿತ್ತಿತು.

ಕೊನೆಗೆ ಹೆಸರಿನ ವಿಷಯ. ಟಿಪ್ಪಣಿ ಬರೆಯುವವರಿಗೂ ಪಾಠಹೇಳುವವರಿಗೂ ಇದು ದಿನವೂ ಎದುರಾಗತಕ್ಕದ್ದು. ‘ವಿಕಲಾಂಗ’ವು ಅಮರಕೋಶದ ಮನುಷ್ಯವರ್ಗದಲ್ಲಿಯೇ ಇರುವ ಹಳೆಯ ಶಬ್ದ, ವಿಕಲವಾದ ಅಂಗವುಳ್ಳವನೆಂದು ಅರ್ಥ, ಊನವನ್ನು ಅಂಗದಲ್ಲಿಯೇ ನಿಲ್ಲಿಸುವ ಶಬ್ದ. ಕರ್ನಾಟಕದ ಸರ್ಕಾರೀ ಬಳಕೆಯಲ್ಲಿ ಇದರ ಸ್ಥಾನಕ್ಕೆ ‘ವಿಕಲಚೇತನ’ವೆಂಬುದು ಬಂದಿದೆ. ಗೌರವಕ್ಕಾಗಿಯೇ ಇದನ್ನು ತಂದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಗ್ರಹವಾಕ್ಯ ಹೇಳಿದರೆ ವಿಕಲವಾದ ಚೇತನವುಳ್ಳವನೆಂದಾಗುತ್ತದೆ. ಕಾಲಿನಲ್ಲಿದ್ದ ಊನವನ್ನು ಎತ್ತಿ ಚೈತನ್ಯದಲ್ಲಿಟ್ಟಂತಾಯಿತು. ವ್ಯುತ್ಪತ್ತಿಗಿಂತ ರೂಢಿಯು ಬಲವಾದುದೆಂಬ ನ್ಯಾಯದಿಂದ ವ್ಯವಹಾರದಲ್ಲಿ ಇದನ್ನು ಸಹಿಸಬಹುದು. ಆ ಹೆಸರಿನಿಂದ ತಮ್ಮನ್ನು ಕರೆದುಕೊಳ್ಳುವವರನ್ನು ತಿದ್ದಹೋಗುವುದೂ ಉಚಿತವಲ್ಲ. ಯಶೋಧರಚರಿತೆಯ ಅರ್ಥಕೋಶದಲ್ಲಿ ಮಾತ್ರ ಈ ಪದವನ್ನು ಅಷ್ಟಾವಂಕನಿಗೆ ಹಾಕಕೂಡದು. ಅವನ ಹೆಸರಿನ ಮುಂದೆ ಅಂಗವಿಕಲ, ಮಾವುತ, ಗಾಯಕ ಎಂದು ಬರೆದರೆ ಸಾಕು. ಕ್ರೂರನೆಂದು ಬರೆಯಬೇಕಾದುದು ಆ ರಾತ್ರಿಯ ಪದ್ಯಗಳಿಗೆ ಬಂದಾಗ.